ಸೂಲಂಗಿ ಕೊಯ್ದ ಕೈ

ದೇವಸಂದ್ರ, ಕೆ.ಆರ್. ಪುರ
14 ಫೆಬ್ರವರಿ 2025

ನೌರೀನ್‌ಗೆ,

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ನನಗೆ ಈಗ ಕ್ಷೇಮವಿಲ್ಲ, ಸಿಟ್ಟಿದೆ. ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ.

ಮೂರು ದಿನ ಫೋನ್ ಮಾಡಿದೆ. ನಾಲ್ಕನೆಯ ದಿನ ಎತ್ತಿದವಳು ಏನೆಂದೆ? "ಫೋನಲ್ಲಿ ಬೇಡ ಜಯಕ್ಕ. ಫೋನಲ್ಲಿ ನೀವು ನನ್ ಮಾತು ಮುಗಿಯೋಕೇ ಬಿಡಲ್ಲ. ಏನಿದ್ರೂ ಬರೆದು ಕಳಿಸಿ." ಇಷ್ಟು ಹೇಳಿ ಇಟ್ಟುಬಿಟ್ಟೆ. ಹತ್ತೊಂಬತ್ತು ವರ್ಷ ಬಾಣಸವಾಡಿಯ ಗಾರ್ಮೆಂಟ್ಸ್‌ನಲ್ಲಿ ನನ್ನ ಲೈನಿನಲ್ಲೇ ಕಾಜಾ ಮಷಿನ್ ಮೇಲೆ ಕೂತವಳು ನೀನು. ಸೂಪರ್‌ವೈಸರ್ ಆಗಿದ್ದ ನನಗೆ ಒಂದು ದಿನವೂ ಎದುರು ಹೇಳಿದವಳಲ್ಲ. ಇರಲಿ. ಬರೆಯಲು ನನಗೂ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೆ ಕನ್ನಡದಲ್ಲಿ ನಾನೇ ಮೊದಲು.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ಆಮೇಲೆ ನಾನು ತಿರುಚಿದೆ ಎನ್ನಬಾರದು. ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ನರ್ಸರಿಯವರು ಬಿಟ್ಟುಹೋದ ಪಾಲಿಹೌಸ್ ಖಾಲಿ ನಿಂತಿತ್ತು. ಕಮಾನು ಪೈಪು, ಮೇಲೆ ಪ್ಲಾಸ್ಟಿಕ್. ಮದುವೆ ಮುಗಿದ ಮೇಲೆ ಬಿಚ್ಚಲು ಮರೆತ ಚಪ್ಪರದ ಹಾಗೆ. ನಿನ್ನ ಮಗಳು ಸಾಮಿಯಾ ಅದನ್ನು ನೋಡಿ, ಇಲ್ಲಿ ಸ್ವೀಟ್ ಕಾರ್ನ್ ಬೆಳೆಯಬಹುದಲ್ಲ ಎಂದಳು. ಇಂದಿರಾನಗರದ ಅಪಾರ್ಟ್‌ಮೆಂಟಿನವರು ನಡೆಸುವ ಭಾನುವಾರದ ಸಂತೆಯಲ್ಲಿ ಜೋಳ ಬೇಯಿಸಿ ಮಾರಲು ಅವಳಿಗೆ ಒಂದು ಜಾಗ ಬೇಕಿತ್ತು. ತಾವೇ ಬೆಳೆದದ್ದನ್ನು ಮಾತ್ರ ತರಬೇಕು ಎಂಬುದು ಅಲ್ಲಿಯ ನಿಯಮ. ಸೈಟು ನನ್ನದು, ದುಡಿಮೆ ನಮ್ಮಿಬ್ಬರದು, ಮಾರುವುದು ಸಾಮಿಯಾ ಎಂದು ನಾನೇ ಮಾತು ಕೊಟ್ಟೆ.

ನವೆಂಬರಿನಲ್ಲಿ ಬೀಜ ಹಾಕಿದವಳು ನೀನು. ಗಿಡಗಳು ಆಳೆತ್ತರ ಬಂದವು. ಮೊನ್ನೆ ಒಂಬತ್ತನೇ ತಾರೀಕು ಸಂತೆಯ ಕಮಿಟಿಯ ಮೂವರು ಹೆಂಗಸರು ನೋಡಲು ಬಂದರು. ಅವರ ಎದುರಿಗೇ ನಾನು ತೆನೆ ಸುಲಿದೆ. ಒಂದರಲ್ಲಿ ಒಂಬತ್ತು ಕಾಳು, ಇನ್ನೊಂದರಲ್ಲಿ ನಾಲ್ಕು. ನಮ್ಮ ಯಜಮಾನರ ಬಾಯಲ್ಲಿ ಅದಕ್ಕಿಂತ ಹೆಚ್ಚು ಹಲ್ಲಿವೆ. ಆ ಅವಮಾನದಲ್ಲಿ ನಾನು ಒಂದು ಮಾತು ಅಂದೆ. ಸಿಟ್ಟಿನಲ್ಲಿ ಯಾರು ಏನು ಅನ್ನುವುದಿಲ್ಲ? ನೀನು ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಸಾಮಿಯಾಳನ್ನು ಕರೆದುಕೊಂಡು ಬಸ್ ಹತ್ತಿದೆ.

ಕಮಿಟಿಯವರು ಇನ್ನೊಂದೇ ಅವಕಾಶ ಕೊಟ್ಟಿದ್ದಾರೆ. ಮೇ ಹನ್ನೊಂದು, ಭಾನುವಾರ. ಅಂದು ನೂರು ತುಂಬಿದ ತೆನೆ ಇಟ್ಟರೆ ಜಾಗ ಸಾಮಿಯಾಳದು. ಇಲ್ಲದಿದ್ದರೆ ಕಾದು ಕೂತಿರುವ ಬೇರೆಯವರದು. ಇದು ಹತ್ತಿರ ಹತ್ತಿರ ಎಂಬತ್ತು ದಿನದ ಬೆಳೆ. ಬರುವ ವಾರ ಬೀಜ ಬೀಳಲೇಬೇಕು. ಕೊಟ್ಟ ಮಾತು ತಪ್ಪಿ ನನಗೆ ಗೊತ್ತಿಲ್ಲ. ನೀನು ಬರುತ್ತೀಯೋ ಇಲ್ಲವೋ, ಒಂದು ಸಾಲು ಬರೆ.

ಜಯದೇವಿ ಪಂಚಾಕ್ಷರಯ್ಯ


ಶಿವಾಜಿನಗರ
19 ಫೆಬ್ರವರಿ 2025

ಜಯಕ್ಕನವರಿಗೆ ನೌರೀನ್‌ಳ ಸಲಾಂ.

ನಿಮ್ಮ ಕಾಗದ ನಿನ್ನೆ ಬಂತು. ಓದಿ ಹೇಳುತ್ತೇನೆ ಎಂದು ಸಾಮಿಯಾ ಕೈ ಚಾಚಿದಳು, ಕೊಡಲಿಲ್ಲ. ನಾನೇ ಓದಿದೆ.

ನೀವು ಎಲ್ಲವನ್ನೂ ಬರೆದಿದ್ದೀರಿ. ಒಂಬತ್ತು ಕಾಳು, ನಾಲ್ಕು ಕಾಳು ಎಂದು ಎಣಿಸಿ ಬರೆದಿದ್ದೀರಿ. ಆ ಒಂದು ಮಾತನ್ನು ಮಾತ್ರ ಬರೆದಿಲ್ಲ. ನಾನು ಬರೆಯುತ್ತೇನೆ. ಆ ಮೂವರ ಮುಂದೆ, ನನ್ನ ಮಗಳ ಮುಂದೆ ನೀವು ಹೇಳಿದ್ದು ಇದು: "ಬಿತ್ತೋ ಕೈಗೂ ಒಂದು ಗುಣ ಇರಬೇಕ್ರಿ. ಮುತ್ತೈದಿ ಕೈಲೇ ಹಾಕಿಸಬೇಕಿತ್ತು. ತಪ್ಪು ನಂದು."

ಮುತ್ತೈದೆ ಎಂದರೆ ಏನೆಂದು ಅವರಲ್ಲಿ ಒಬ್ಬರಿಗೆ ಗೊತ್ತಿರಲಿಲ್ಲ. ಇನ್ನೊಬ್ಬರು ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು, ಗಂಡ ಬದುಕಿರುವ ಹೆಂಗಸು ಎಂದು. ಅದನ್ನೂ ನಾನು ನಿಂತು ಕೇಳಿಸಿಕೊಂಡೆ. ಸಾಮಿಯಾಳ ಅಬ್ಬಾ ಹೋಗಿ ಎರಡು ವರ್ಷ. ಅವರು ಹೋದಾಗ ನಲವತ್ತು ದಿನ ನಮ್ಮ ಮನೆಗೆ ದಿನಾ ಬುತ್ತಿ ತಂದವರು ನೀವು. ಆ ಬುತ್ತಿಯನ್ನೂ ಈ ಮಾತನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ನಾನು ಬರುವುದಿಲ್ಲ. ಆದರೆ ಇದು ಸಾಮಿಯಾಳ ಜಾಗದ ವಿಷಯ, ಆದ್ದರಿಂದ ಒಂದು ಹೇಳುತ್ತೇನೆ. ಅಂದು ಸುಲಿದ ತೆನೆಗಳಲ್ಲಿ ಒಂದು ಚೆನ್ನಾಗಿ ತುಂಬಿತ್ತು. ನಾನು ಬುಟ್ಟಿಗೆ ಹಾಕಿದ್ದು ಅದನ್ನೇ. ನೀವು ನೋಡಲಿಲ್ಲ, ಆಗ ಮಾತಾಡುತ್ತಿದ್ದಿರಿ. ನೀರಿನ ಡ್ರಮ್ಮಿನ ಹಿಂದಿನ ಮೂಲೆಯ ಗಿಡದ್ದು ಎಂದು ನನ್ನ ನೆನಪು. ಹೋಗಿ ಆ ಗಿಡ ನೋಡಿ. ನೂರು ಅಂಗಿಯಲ್ಲಿ ಒಂದರ ಕಾಜಾ ಕೆಟ್ಟರೆ ದಾರ ನೋಡಬೇಕು, ತೊಂಬತ್ತೊಂಬತ್ತು ಕೆಟ್ಟು ಒಂದು ಸರಿಯಾದರೆ ಮಷಿನ್ ನೋಡಬೇಕು. ಇದನ್ನು ನನಗೆ ಕಲಿಸಿದವರು ನೀವೇ.

ನೌರೀನ್ ಬೇಗಂ


ಕೆ.ಆರ್. ಪುರ
27 ಫೆಬ್ರವರಿ 2025

ನೌರೀನ್‌ಗೆ,

ನಿನ್ನ ಕಾಗದ ಶಿವಾಜಿನಗರದಿಂದ ಇಲ್ಲಿಗೆ ಬರಲು ಆರು ದಿನ ತೆಗೆದುಕೊಂಡಿದೆ. ನಡೆದುಕೊಂಡು ಬಂದಿದ್ದರೂ ಅರ್ಧ ದಿನದ ದಾರಿ. ನಿನ್ನೆ ಶಿವರಾತ್ರಿ, ಉಪವಾಸ. ಉಪವಾಸದ ದಿನ ಸಿಟ್ಟು ಮಾಡಬಾರದೆಂದು ಇವತ್ತು ಬರೆಯುತ್ತಿದ್ದೇನೆ.

ಡ್ರಮ್ಮಿನ ಹಿಂದಿನ ಗಿಡ ನೋಡಿದೆ. ಉಳಿದವನ್ನೆಲ್ಲ ಕಿತ್ತುಹಾಕಿದರೂ ಅದೊಂದು ಒಣಗಿ ಅಲ್ಲೇ ನಿಂತಿತ್ತು, ಆ ಸಂದಿಗೆ ಕುಡುಗೋಲು ಹೋಗುವುದಿಲ್ಲ. ಅದರ ತುದಿಯಲ್ಲಿ ಸೂಲಂಗಿ, ಅದೇ ಆ ಪೊರಕೆಯಂಥ ಹೂವು, ಹಾಗೇ ಇತ್ತು. ಬೇರೆ ಯಾವ ಗಿಡಕ್ಕೂ ಇರಲಿಲ್ಲ. ಯಾಕೆಂದರೆ ಜನವರಿಯಲ್ಲಿ ಅವೆಲ್ಲವನ್ನೂ ನಾನೇ ಕೊಯ್ದು, ಹಾಲಿನ ಮುತ್ತುರಾಜನ ಹಸುವಿಗೆ ಹಾಕಿದ್ದೆ. ಆ ವಾರ ನೀನು ಬಂದಿರಲಿಲ್ಲ, ನಿನಗೆ ಜ್ವರ.

ನಾನು ಗೋವಿನಜೋಳದ ಸೀಮೆಯವಳು. ರಾಣೆಬೆನ್ನೂರಿನ ನಮ್ಮ ಹೊಲದಲ್ಲಿ ತುದಿ ಕೊಯ್ದು ದನಕ್ಕೆ ಹಾಕುವುದು ಪದ್ಧತಿ. ಅಪ್ಪ ಕೊಯ್ಯವ್ವ ಎಂದಾಗ ಕೊಯ್ಯುತ್ತಿದ್ದೆ. ಅವರು ಅದನ್ನು ಕಾಳು ಕಟ್ಟಿದ ಮೇಲೆ ಕೊಯ್ಯಿಸುತ್ತಿದ್ದರೋ ಮುಂಚೆಯೋ, ಹನ್ನೆರಡು ವರ್ಷದ ಹುಡುಗಿ ಯಾಕೆ ಕೇಳುತ್ತಾಳೆ? ಇಲ್ಲಿ ಎಳೆಯದಿದ್ದಾಗಲೇ ಕೊಯ್ದೆ, ಹಸು ಇಷ್ಟಪಟ್ಟು ತಿಂತು.

ಅದಕ್ಕೂ ಕಾಳಿಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಸೊಸೆ ರಶ್ಮಿ ಹೇಳುತ್ತಿದ್ದಾಳೆ. ಫೋನಿನಲ್ಲಿ ಏನೋ ನೋಡಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಅಂದಳು, "ಅತ್ತೆ, ಅದೇ ಗಂಡು ಹೂವು. ಅದರ ಪುಡಿ ಕೆಳಗಿನ ತೆನೆ ಕೂದಲ ಮೇಲೆ ಬಿದ್ರೇನೇ ಕಾಳು. ನೀವು ಗಂಡುಗಳ್ನೆಲ್ಲ ಹಸುಗೆ ಹಾಕ್ಬಿಟ್ಟು ಹೆಣ್ಣುಗಳ್ನ ಬೈತಾ ಇದೀರಲ್ಲ." ನಮ್ಮ ಯಜಮಾನರು ಪೇಪರಿನ ಹಿಂದೆ ಇದ್ದರು. ಪೇಪರ್ ಅಲುಗಿದ್ದು ನನಗೆ ಕಂಡಿತು.

ನಿನ್ನ ಕಾಗದ ಬರುವ ಮೊದಲೇ, ಇಪ್ಪತ್ತೊಂದನೇ ತಾರೀಕು, ಬೀಜ ಹಾಕಿಸಿಯಾಗಿದೆ. ರಶ್ಮಿಯ ಕೈಯಲ್ಲಿ ಹಾಕಿಸಿದೆ. ಆಫೀಸಿಗೆ ಹೊರಟವಳನ್ನು ನಿಲ್ಲಿಸಿ, ಕೊರಳಲ್ಲಿ ಆ ಗುರುತಿನ ಚೀಟಿ ತೂಗಾಡುತ್ತಿರುವಾಗಲೇ ಹಾಕಿಸಿದೆ. ಈ ಸಲ ಸೂಲಂಗಿಯನ್ನು ಯಾರೂ ಮುಟ್ಟುವುದಿಲ್ಲ. ಇಷ್ಟೇ ವಿಷಯ.

ಜಯದೇವಿ


ಕೆ.ಆರ್. ಪುರ
20 ಮಾರ್ಚ್ 2025

ನೌರೀನ್‌ಗೆ,

ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ಅಂಚೆಯವನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದೆ. ನನ್ನ ವಯಸ್ಸಿನ ಹೆಂಗಸು ಕಾಗದಕ್ಕಾಗಿ ಕಾಯುವುದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು, ಕೋರ್ಟಿನದಾ ಅಮ್ಮ ಎಂದ.

ರಶ್ಮಿ ಹಾಕಿದ ಬೀಜದಲ್ಲಿ ಎಂಟರಲ್ಲಿ ಒಂದು ಪಾಲನ್ನು ಇಲಿಗಳು ಮಣ್ಣು ಕೆದಕಿ ತಿಂದವು. ಬಿಟ್ಟುಹೋದ ಕಡೆ ನಾನೇ ಮತ್ತೆ ಹಾಕಿದೆ. ಅವು ಹಿಂದುಳಿದಿವೆ, ದೊಡ್ಡವರ ಮಧ್ಯೆ ಮಕ್ಕಳು ನಿಂತ ಹಾಗೆ ಕಾಣುತ್ತವೆ. ಹೋದ ಸಲದ ಹಾಗೆಯೇ ಎರಡೂ ಗೋಡೆಗೆ ಒತ್ತಿ ಸಾಲು ಹಾಕಿ ನಡುವೆ ಓಡಾಡಲು ದಾರಿ ಬಿಟ್ಟಿದ್ದೇನೆ. ನೋಡಲು ಅಚ್ಚುಕಟ್ಟಾಗಿದೆ. ಬಾಗಿಲಿಗೆ ಬೀಗ ಹಾಕಿದ್ದೇನೆ, ಪ್ಲಾಸ್ಟಿಕ್ಕನ್ನು ನೆಲಕ್ಕೆ ಇಳಿಬಿಟ್ಟು ಕಲ್ಲು ಹೇರಿದ್ದೇನೆ. ಇಲಿಯಲ್ಲ, ಗಾಳಿಯೂ ಒಳಗೆ ಬರುವುದಿಲ್ಲ.

ಒಳಗೆ ಮಧ್ಯಾಹ್ನ ಹೋದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯುತ್ತದೆ. ಎಲೆಗಳು ಸುರುಳಿ ಸುತ್ತುತ್ತಿವೆ. ದಿನಕ್ಕೆ ಎರಡು ಸಲ ನೀರು ಕೊಡಬೇಕೋ ಒಂದೇ ಸಲವೋ? ಬೀಜದ ಅಂಗಡಿಯವನು ಒಂದು ಹೇಳುತ್ತಾನೆ, ರಶ್ಮಿಯ ಫೋನ್ ಇನ್ನೊಂದು ಹೇಳುತ್ತದೆ, ನಮ್ಮ ಯಜಮಾನರು ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಎನ್ನುತ್ತಾರೆ. ನಲವತ್ತೊಂದು ವರ್ಷದಿಂದ ಅದನ್ನೇ ಎನ್ನುತ್ತಿದ್ದಾರೆ.

ರಂಜಾನಿನ ರೋಜಾ ಹಿಡಿದಿರುತ್ತೀಯ. ಈ ಬಿಸಿಲಿನಲ್ಲಿ ನೀರಿಲ್ಲದೆ ಇರುವುದು ನಿನಗೆ ಆಗುವುದಿಲ್ಲ, ಹೋದ ವರ್ಷವೂ ತಲೆ ತಿರುಗಿ ಬಿದ್ದಿದ್ದೆ. ಇದನ್ನು ಕೇಳಲು ನಾನು ಕಾಗದ ಬರೆದದ್ದಲ್ಲ. ನೀರಿನ ವಿಷಯ ಬರೆ.

ಜಯದೇವಿ


ಶಿವಾಜಿನಗರ
2 ಏಪ್ರಿಲ್ 2025

ಜಯಕ್ಕನವರಿಗೆ,

ಮೊನ್ನೆ ನಮ್ಮ ಹಬ್ಬ, ಅದರ ಹಿಂದಿನ ದಿನ ನಿಮ್ಮ ಯುಗಾದಿ. ಈ ವರ್ಷ ಎರಡೂ ಪಕ್ಕಪಕ್ಕ ಬಂದವು. ಸಾಮಿಯಾ ಶೀರ್ ಖುರ್ಮಾ ಡಬ್ಬಿಗೆ ತುಂಬಿ ಬಾಗಿಲವರೆಗೆ ಹೋದಳು. ನಾನು ಬೇಡ ಎಂದೆ. ನಿಮ್ಮ ಹೋಳಿಗೆಯೂ ಬರಲಿಲ್ಲ. ನಾಲ್ಕು ಗಂಟೆಯವರೆಗೆ ನೋಡಿದೆವು.

ನೀರು ಬೆಳಿಗ್ಗೆ ಒಂದು ಸಲ, ಬುಡ ನೆನೆಯುವ ಹಾಗೆ. ಸೂಲಂಗಿ ಬಿಟ್ಟ ಮೇಲೆ ಒಂದು ದಿನವೂ ತಪ್ಪಿಸಬಾರದು. ಸಾಮಿಯಾ ಬೀಜ ಕೊಟ್ಟವರ ಹತ್ತಿರವೇ ಹೋಗಿ ಕೇಳಿಕೊಂಡು ಬಂದಿದ್ದಾಳೆ. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದಂತೆ. ಯಾವ ಕೂದಲಿಗೆ ಪುಡಿ ಬೀಳುವುದಿಲ್ಲವೋ ಆ ಕಾಳು ಖಾಲಿ. ಹೊಲದಲ್ಲಿ ಗಾಳಿ ಆ ಕೆಲಸ ಮಾಡುತ್ತದೆ. ನೀವು ಗಾಳಿಯೂ ಬರದ ಹಾಗೆ ಕಲ್ಲು ಹೇರಿದ್ದೀರಿ. ಉದ್ದ ಸಾಲೂ ತಪ್ಪಂತೆ. ಚೌಕವಾಗಿ ಗುಂಪು ಹಾಕಿದ್ದರೆ ಒಂದರ ಪುಡಿ ಇನ್ನೊಂದಕ್ಕೆ ಬೀಳುತ್ತಿತ್ತು, ಸಾಲಿನಲ್ಲಿ ಅದೆಲ್ಲ ನಿಮ್ಮ ದಾರಿಯ ಮೇಲೆ ಬೀಳುತ್ತದೆ. ಈಗ ಕಿತ್ತು ನೆಡಲಾಗದು. ಎರಡೂ ಬದಿಯ ಪ್ಲಾಸ್ಟಿಕ್ ಮೇಲಕ್ಕೆ ಸುತ್ತಿ ಕಟ್ಟಿ. ಒಳಗಿನ ಕಾವು ಹೆಚ್ಚಾದರೆ ಪುಡಿ ಸಾಯುತ್ತದೆ.

ಸೂಲಂಗಿ ಕೊಯ್ದದ್ದು ನಾನೇ ಎಂದು ಬರೆದಿರಿ. ಅದನ್ನು ಓದಿ, ಮುಂದಿನ ಸಾಲಿನಲ್ಲಿ ಇನ್ನೊಂದು ಮಾತು ಇರುತ್ತದೆ ಎಂದುಕೊಂಡೆ. ಮುಂದಿನ ಸಾಲಿನಲ್ಲಿ ರಾಣೆಬೆನ್ನೂರು ಇತ್ತು. ಬೀಜವನ್ನು ಯಾರ ಕೈಯಲ್ಲಿ ಹಾಕಿಸಿದಿರಿ ಎಂಬುದನ್ನು ನೀವು ನನಗೆ ಬರೆಯಬೇಕಾಗಿರಲಿಲ್ಲ. ಬರೆದಿರಿ.

ನೌರೀನ್


ಕೆ.ಆರ್. ಪುರ
15 ಏಪ್ರಿಲ್ 2025

ನೌರೀನ್‌ಗೆ,

ಇದನ್ನು ಅಂಚೆಗೆ ಹಾಕಿಲ್ಲ, ನಮ್ಮ ಯಜಮಾನರ ಕೈಯಲ್ಲೇ ಕಳಿಸಿದ್ದೇನೆ. ಅಂಚೆಗೆ ಹಾಕಿದರೆ ಇದು ನಿನಗೆ ತಲುಪುವಷ್ಟರಲ್ಲಿ ಕೂದಲು ಒಣಗಿರುತ್ತದೆ.

ಸೂಲಂಗಿ ಬಿಟ್ಟು ಐದು ದಿನ. ತೆನೆಗಳಲ್ಲಿ ಕೂದಲು ಹೊರಟಿದೆ, ತಿಳಿ ಹಸಿರು, ಮುಟ್ಟಿದರೆ ಅಂಟಂಟು. ನೀನು ಬರೆದ ಹಾಗೆ ಎರಡೂ ಬದಿ ಸುತ್ತಿ ಕಟ್ಟಿದೆ. ಆದರೆ ಗಾಳಿ ಎಲ್ಲಿಂದ ಬರಬೇಕು? ಮೂರು ಕಡೆ ನಾಲ್ಕು ಮಹಡಿಯ ಪಿ.ಜಿ. ಕಟ್ಟಡಗಳು, ನಾಲ್ಕನೆಯ ಕಡೆ ನಮ್ಮ ಮನೆ. ಬೆಳಿಗ್ಗೆ ಎಂಟೂವರೆಗೆ ಇಬ್ಬನಿ ಆರಿದ ಮೇಲೆ ಪುಡಿ ಉದುರುತ್ತದೆ, ಹತ್ತೂವರೆಗೆ ಮುಗಿಯುತ್ತದೆ. ನೀನು ಹೇಳಿದ ಹಾಗೆಯೇ ಎಲ್ಲ ದಾರಿಯ ಮೇಲೆ. ಹಳದಿ ರಂಗೋಲಿ ಪುಡಿ ಚೆಲ್ಲಿದ ಹಾಗೆ ದಿನಾ ಕಣ್ಣೆದುರಿಗೆ ಹಾಳಾಗುತ್ತಿದೆ.

ನಾನೇ ಗಿಡ ಅಲುಗಿಸಲು ಹೋದೆ. ನನ್ನ ಬಲಭುಜ ಹಿಡಿದುಕೊಂಡಿದೆ, ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕೋಲಿಗೆ ಪೊರಕೆ ಕಟ್ಟಿ ತಟ್ಟಿದೆ; ಎರಡು ಗಿಡ ನಡುವಿಗೆ ಮುರಿದವು. ನಮ್ಮ ಯಜಮಾನರನ್ನು ಒಳಗೆ ಕಳಿಸಿದೆ. ಒಂದು ಸೂಲಂಗಿ ಅಲುಗಿಸಿ ಇಪ್ಪತ್ತು ಸಲ ಸೀನಿದರು, ಆಮೇಲೆ ಉಬ್ಬಸ. ರಶ್ಮಿ ಏಳೂ ಮುಕ್ಕಾಲಿಗೆ ದೊಡ್ಡನೆಕ್ಕುಂದಿಯ ಆಫೀಸಿಗೆ ಹೊರಡುತ್ತಾಳೆ, ಮಗ ಅವಳಿಗಿಂತ ಮುಂಚೆ. ನಿನ್ನೆ ಒಬ್ಬಳೇ ಒಳಗೆ ಕೂತು ಪುಡಿ ಬೀಳುವುದನ್ನು ನೋಡಿದೆ. ಇಷ್ಟು ವರ್ಷ ಅರವತ್ತು ಜನರ ಲೈನ್ ನಡೆಸಿದವಳು ನಾನು. ಗಿಡಕ್ಕೆ ಮಾತು ಕೇಳಿಸುವುದಿಲ್ಲ.

ನೌರೀನ್, ಮುಂದಿನ ಸಾಲು ಬರೆಯಲು ಎರಡು ಹಾಳೆ ಹರಿದಿದ್ದೇನೆ. ನನ್ನ ಕೈ ಏಳುವುದಿಲ್ಲ. ನಿನ್ನ ಕೈ ಬೇಕು. ಬಾ.

ಜಯದೇವಿ


ಶಿವಾಜಿನಗರ
15 ಏಪ್ರಿಲ್, ಸಂಜೆ

ಜಯಕ್ಕ,

ಭಾವನವರು ಚಹಾ ಕುಡಿಯುತ್ತಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಪಾಪ, ಹೊರಗೆ ಚಪ್ಪಲಿ ಬಿಡುವಾಗಲೇ ಅಂದರು, "ನೌರೀನಮ್ಮಾ, ನನ್ನ ಏನೂ ಕೇಳಬ್ಯಾಡ, ನಾ ಬರೀ ಅಂಚೆಯವ."

ನಾಳೆ ಎಂಟು ಗಂಟೆಗೆ ಬರುತ್ತೇನೆ. ಗಿಡಗಳ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಮಗಳ ಜಾಗ ಹೋಗುವುದೂ ನನಗೆ ಬೇಡ. ಭಾವನವರ ಗಡ್ಡದ ಬ್ರಷ್ ತೊಳೆದು ಒಣಗಿಸಿಡಿ, ಒಂದು ಅಗಲದ ಸ್ಟೀಲ್ ತಟ್ಟೆ ಇಡಿ.

ಆದರೆ ಪಾಲಿಹೌಸಿಗೆ ಬಂದು, ಕೆಲಸ ಮಾಡಿ, ಅಲ್ಲಿಂದಲೇ ಹೋಗುತ್ತೇನೆ. ಮನೆಯೊಳಗೆ ಕರೆಯಬೇಡಿ, ತಿಂಡಿ ಮಾಡಬೇಡಿ. ಅಂದು ಆಡಿದ ಮಾತನ್ನು ಯಾರ ಮುಂದೆ ಆಡಿದಿರೋ ಅವರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ನಿಮ್ಮ ಹೊಸ್ತಿಲು ನಾನು ತುಳಿಯುವುದಿಲ್ಲ.

ನೌರೀನ್


ಕೆ.ಆರ್. ಪುರ
23 ಏಪ್ರಿಲ್ 2025

ನೌರೀನ್‌ಗೆ,

ಏಳು ಬೆಳಿಗ್ಗೆ ಬಂದೆ, ನಿನ್ನೆಗೆ ಮುಗಿಯಿತು. ಎದುರಿಗೆ ನಿಂತಿದ್ದಾಗ ಮಾತಾಡದೆ ಈಗ ಬರೆಯುತ್ತಿದ್ದೇನೆ. ನಮ್ಮ ಸ್ಥಿತಿ ಹೀಗಾಗಿದೆ.

ಮೊದಲ ದಿನ ನೀನು ದುಪಟ್ಟಾವನ್ನು ಮೂಗಿಗೆ ಸುತ್ತಿಕೊಂಡು ಒಂದು ಗಿಡವನ್ನು ಮೆಲ್ಲಗೆ ಬಗ್ಗಿಸಿದಾಗ ಮುರಿಯುತ್ತದೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ನೀನು ಎರಡು ಬೆರಳಿನಿಂದ ಸೂಲಂಗಿ ತಟ್ಟಿದೆ, ಪುಡಿ ತಟ್ಟೆಗೆ ಬಿತ್ತು. ಬ್ರಷ್ಷಿಗೆ ಅದ್ದಿ ಒಂದೊಂದು ತೆನೆಯ ಕೂದಲ ಮೇಲೆ ಸವರಿದೆ. ತಟ್ಟೆ ಹಿಡಿದು ನಿನ್ನ ಹಿಂದೆ ನಡೆಯುವುದು ನನ್ನ ಕೆಲಸ. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಹುಡುಗಿಯರು ಗುಂಡಿ ಡಬ್ಬಿ ಹಿಡಿದು ನಡೆಯುತ್ತಿದ್ದರಲ್ಲ, ಹಾಗೆ. ಏಳು ದಿನದಲ್ಲಿ ನೀನು ನನ್ನ ಜೊತೆ ಆಡಿದ ಮಾತು ಮೂರು: ತಟ್ಟೆ, ಈ ಕಡೆ, ಆಯ್ತು. ನಾನು ಎಣಿಸಿದ್ದೇನೆ.

ತಿಂಡಿ ಬೇಡ ಎಂದಿದ್ದೆ. ನಾನು ಕೇಳಲಿಲ್ಲ, ಮೂರನೇ ದಿನ ಉಪ್ಪಿಟ್ಟು ಮಾಡಿ ಡ್ರಮ್ಮಿನ ಮೇಲೆ ಮುಚ್ಚಿಟ್ಟೆ. ನೀನು ಮುಚ್ಚಳ ಎತ್ತಲಿಲ್ಲ. ಉಪ್ಪಿಟ್ಟು ಮುತ್ತುರಾಜನ ಹಸುವಿಗೆ ಹೋಯಿತು. ಆ ಹಸು ನನ್ನ ತಪ್ಪುಗಳನ್ನೆಲ್ಲ ತಿಂದು ದಪ್ಪಗಾಗುತ್ತಿದೆ.

ನಿನ್ನ ಷರತ್ತಿನ ವಿಷಯ. ಕಮಿಟಿಯವರು ಇನ್ನು ಇಲ್ಲಿಗೆ ಬರುವುದಿಲ್ಲ, ನಾನೇ ಇಂದಿರಾನಗರಕ್ಕೆ ಹೋಗಬೇಕು. ಅಲ್ಲಿ ಹೊಸ ಸೀರೆ ಉಟ್ಟು ನಿಂತು, ಹೆಸರೂ ಗೊತ್ತಿಲ್ಲದ ಹೆಂಗಸರಿಗೆ, ನಾನು ಕೆಟ್ಟ ಮಾತಾಡಿದ್ದೆ ಎನ್ನಬೇಕು. ಗಾರ್ಮೆಂಟ್ಸ್‌ನಲ್ಲಿ ಒಂದು ಸಲ ನನ್ನ ತಪ್ಪಿನಿಂದ ಇನ್ನೂರು ಅಂಗಿ ವಾಪಸ್ ಬಂದವು. ಆಗಲೂ ನಾನು ತಪ್ಪಾಯಿತು ಎನ್ನಲಿಲ್ಲ, ಮೂರು ದಿನ ಹೆಚ್ಚಿಗೆ ಕೂತು ಸರಿಮಾಡಿಸಿದೆ. ನಿನಗೆ ಗೊತ್ತು, ನೀನೂ ಕೂತಿದ್ದೆ. ನನಗೆ ಬರುವ ದಾರಿ ಅದೊಂದೇ. ಅದು ನಿನಗೆ ಸಾಲದು ಎನ್ನುತ್ತೀಯ.

ಇನ್ನು ಹದಿನೆಂಟು ದಿನ.

ಜಯದೇವಿ


ಕೆ.ಆರ್. ಪುರ
12 ಮೇ 2025

ನೌರೀನ್‌ಗೆ,

ನಿನ್ನೆ ಎಲ್ಲ ನಡೆದಾಗ ನೀನೂ ಅಲ್ಲೇ ಇದ್ದೆ. ಆದರೂ ಬರೆಯಬೇಕಾಗಿದೆ. ಕಾರಣ ಕೊನೆಯಲ್ಲಿದೆ.

ಬೆಳಿಗ್ಗೆ ಐದೂವರೆಗೇ ತೆನೆ ಮುರಿದೆವು. ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ಸಾಮಿಯಾ ಒಂದು ಕಾಳಿಗೆ ಉಗುರು ಒತ್ತಿ ತೋರಿಸಿದಳು, ಹಾಲು ಚಿಮ್ಮಿತು. ಒಟ್ಟು ನೂರ ಹದಿನೆಂಟು ತೆನೆ, ಅದರಲ್ಲಿ ನೂರ ನಾಲ್ಕು ಬುಡದಿಂದ ತುದಿಯವರೆಗೆ ತುಂಬಿದ್ದವು. ಇಲಿ ತಿಂದ ಜಾಗದಲ್ಲಿ ನಾನು ಹಾಕಿದವು ಮಾತ್ರ ಅರೆಬರೆ, ಅವು ಕೂದಲು ಬಿಡುವಷ್ಟರಲ್ಲಿ ಸೂಲಂಗಿಯ ಕಾಲ ಮುಗಿದಿತ್ತು. ಅವನ್ನು ಮನೆಗೆ ಇಟ್ಟುಕೊಂಡೆ.

ಆಟೋದಲ್ಲಿ ಮೂಟೆಯನ್ನು ಕಾಲ ಮೇಲೆ ಇಟ್ಟುಕೊಂಡು ಹೋದೆವು. ಆ ಮೂವರೂ ಟೇಬಲ್ ಹತ್ತಿರ ಬಂದರು. ಸಾಮಿಯಾ ಒಂದೊಂದಾಗಿ ಸುಲಿಯುತ್ತ ಹೋದಳು, ಅವರು ಒಂದೊಂದಾಗಿ ನೋಡುತ್ತ ಹೋದರು, ಹತ್ತನೆಯದಕ್ಕೆ ಸಾಕು ಎಂದರು. ಜಾಗ ಅವಳದಾಯಿತು. ಅವರು ಮುಂದಿನ ಟೇಬಲ್‌ಗೆ ತಿರುಗಿದರು. ಸುಮ್ಮನಿದ್ದಿದ್ದರೆ ಹೋಗಿಯೇ ಬಿಡುತ್ತಿದ್ದರು. ನಾನು ನಿಲ್ಲಿಸಿದೆ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ: "ಹೋದ ಸಲ ಕಾಳು ಕಟ್ಟಲಿಲ್ಲಲ್ರೀ, ಅದು ಬಿತ್ತಿದ ಕೈ ತಪ್ಪಲ್ಲ. ಸೂಲಂಗಿ ಕೊಯ್ದ ಕೈ ತಪ್ಪು. ಕೊಯ್ದಾಕಿ ನಾನು. ಈ ಸಲ ಇಷ್ಟು ತುಂಬಿಸಿದ್ದು ಇಕಿ ಕೈ. ಅವತ್ತ ಇಕಿಗೆ ನಾ ಆಡಿದ್ದು ಹೊಲಸು ಮಾತು, ಆಡಬಾರದಿತ್ತು."

ಅವರಲ್ಲೊಬ್ಬರು ಅದನ್ನು ಇನ್ನೊಬ್ಬರಿಗೆ ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. ಈ ಸಲ ಹೇಳಲು ಹೆಚ್ಚು ಹೊತ್ತು ಹಿಡಿಯಿತು. ನಾನು ತಲೆ ತಗ್ಗಿಸದೆ ನಿಂತೆ. ಕೊನೆಗೆ ಆಕೆ ನನ್ನ ಕೈ ಮುಟ್ಟಿ, ನಿಂಬೆಹಣ್ಣು ಹಚ್ಚಿ ಕೊಡುತ್ತೀರಾ ಎಂದು ಕೇಳಿದರು.

ನಾನು ಹಿಂದಕ್ಕೆ ತಿರುಗಿದೆ. ನೀನು ಪಾತ್ರೆಯ ಮೇಲೆ ಬಗ್ಗಿದ್ದೆ. ತಲೆ ಎತ್ತಿ ಕೇಳಿದೆ, "ಏನಂದ್ರಿ ಜಯಕ್ಕ? ಸ್ಟೌವ್ ಸದ್ದಲ್ಲಿ ಕೇಳಿಸ್ಲಿಲ್ಲ."

ಮೂರು ತಿಂಗಳು ನುಂಗಿಕೊಂಡಿದ್ದನ್ನು ಹೊರಗೆ ತಂದಿದ್ದೆ. ಅದನ್ನು ಮತ್ತೊಮ್ಮೆ ಹೇಳು ಎಂದರೆ ಹೇಗೆ? ಏನಿಲ್ಲ, ಉಪ್ಪು ಎಲ್ಲಿ ಎಂದೆ. ಆಟೋದಲ್ಲಿ ಬರುವಾಗ ಹಲಸೂರಿನಿಂದ ಕೆ.ಆರ್. ಪುರದವರೆಗೆ ನಮ್ಮ ಯಜಮಾನರನ್ನು ಬೈದೆ. ಅವರು ಏನೂ ಮಾಡಿರಲಿಲ್ಲ.

ಆದ್ದರಿಂದ ಬರೆಯುತ್ತಿದ್ದೇನೆ. ಮೇಲೆ ಬರೆದದ್ದು ನಾನು ಅವರಿಗೆ ಹೇಳಿದ್ದು. ಇನ್ನು ಬರೆಯುವುದು ನಿನಗೆ ಹೇಳಬೇಕಾದದ್ದು. ಆ ದಿನ ತಪ್ಪು ಯಾರದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆದೆ, ಸಿಕ್ಕಿದ್ದು ನಿನ್ನ ದುಃಖ. ಫೆಬ್ರವರಿ ಇಪ್ಪತ್ತೈದಕ್ಕೆ ಆ ಒಣಗಿದ ಗಿಡ ನೋಡಿದಾಗಲೇ ನನಗೆ ಎಲ್ಲ ತಿಳಿಯಿತು. ತಿಳಿದ ಮೇಲೂ ಎಪ್ಪತ್ತೈದು ದಿನ ಸುಮ್ಮನಿದ್ದೆ. ಮೊದಲನೆಯದು ಸಿಟ್ಟು. ಎರಡನೆಯದು ಸೊಕ್ಕು. ಅದೇ ದೊಡ್ಡ ತಪ್ಪು. ತಪ್ಪಾಯಿತು ನೌರೀನ್.

ಪಾಲಿಹೌಸ್ ಖಾಲಿ ಮಾಡಿಸಿದ್ದೇನೆ. ಈ ಸಲ ಚೌಕವಾಗಿ ಗೆರೆ ಎಳೆದಿದ್ದೇನೆ, ದಾರಿ ಒಂದು ಬದಿಗೆ. ಬರುವ ಸೋಮವಾರ ಬಿತ್ತನೆ. ಮೊದಲ ಬೀಜ ನಿನ್ನ ಕೈಯಿಂದಲೇ ಬೀಳಬೇಕು. ಕೆಲಸ ಹಗುರವಾಗಲೆಂದು ಕರೆಯುತ್ತಿಲ್ಲ. ರಶ್ಮಿ ಇದ್ದಾಳೆ, ನಾನಿದ್ದೇನೆ. ಆದರೂ ನೀನೇ ಹಾಕಬೇಕು.

ಜಯಕ್ಕ


ಶಿವಾಜಿನಗರ
16 ಮೇ 2025

ಜಯಕ್ಕ,

ಕಾಗದ ತಲುಪಿತು. ಮೂರೇ ದಿನಕ್ಕೆ ಬಂತು, ಅಂಚೆಯವರಿಗೂ ನಿಮ್ಮ ಭಯ ಹುಟ್ಟಿರಬೇಕು. ಎರಡು ಸಲ ನಾನು ಓದಿದೆ, ಮೂರನೇ ಸಲ ಸಾಮಿಯಾಳಿಂದ ಗಟ್ಟಿಯಾಗಿ ಓದಿಸಿದೆ. ಈಗ ಅದು ಅವಳ ಅಬ್ಬಾರ ಕಾಗದಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿದೆ.

ಸೋಮವಾರ ಆಗುವುದಿಲ್ಲ, ಮಂಗಳವಾರ ಏಳಕ್ಕೆ ಬರುತ್ತೇನೆ. ಮೊದಲು ಮನೆಯೊಳಗೆ ಬರುತ್ತೇನೆ, ಉಪ್ಪಿಟ್ಟು ಮಾಡಿಡಿ, ಬಿಸಿಯಾಗಿರಲಿ. ನಿಮ್ಮ ಭುಜವನ್ನು ನಮ್ಮ ಬೀದಿಯಲ್ಲಿ ಮೂಳೆ, ಕೀಲು ಕೂರಿಸುವ ಹಾಡ್‌ವೈದ್ಯರಿಗೆ ತೋರಿಸಬೇಕು, ಭಾವನವರಿಗೆ ಹೇಳಿಬಿಟ್ಟಿದ್ದೇನೆ, ಬೈಯುವುದಿದ್ದರೆ ನನ್ನನ್ನು ಬೈಯಿರಿ.

ಇನ್ನೊಂದು ವಿಷಯ, ಇದನ್ನೂ ಫೋನಿನಲ್ಲಿ ಹೇಳಲಾಗದು. ಸಂತೆಯಲ್ಲಿ ನೀವು ಹೇಳಿದ್ದು ನನಗೆ ಕೇಳಿಸಿತ್ತು. ಪಕ್ಕದ ಟೇಬಲಿನ ಉಪ್ಪಿನಕಾಯಿಯವರಿಗೂ ಕೇಳಿಸಿತ್ತು. ಅಂದು ಫೆಬ್ರವರಿಯಲ್ಲಿ ನೀವು ಆಡಿದ ಮಾತು ಮೂರು ತಿಂಗಳು ನನ್ನ ಕಿವಿಯಲ್ಲೇ ಇತ್ತು. ಅದು ವಾಪಸ್ ಬರುವಾಗ ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುವುದು ಬೇಡ, ಕೈಯಲ್ಲಿ ಹಿಡಿದುಕೊಳ್ಳುವ ಹಾಗೆ ಬರಲಿ ಎನಿಸಿತು. ಕೇಳಿಸಲಿಲ್ಲ ಎಂದರೆ ನೀವು ಎರಡನೇ ಸಲ ಬಾಯಲ್ಲಿ ಹೇಳುವವರಲ್ಲ, ಬರೆಯುತ್ತೀರಿ ಎಂದು ನನಗೆ ಗೊತ್ತಿತ್ತು.

ಸ್ಟೌವ್ ಆಗ ಇನ್ನೂ ಹಚ್ಚೇ ಇರಲಿಲ್ಲ, ಜಯಕ್ಕ.

ನಿಮ್ಮ
ನೌರೀನ್